ಕಿರುಗುಡದ ಜೀಪು

ಮುನಿಯಲ್ಲಪ್ಪನ ಜೀಪಿಗೆ ಹಾರನ್ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ ಬಿಡಿ. ಹರಾಜಿನಲ್ಲಿ ಹಿಡಿದ ಮಿಲಿಟರಿ ಜೀಪು ಅದು. ಸ್ಪ್ರಿಂಗ್ ಪಟ್ಟಿಗಳ ತುದಿಯಲ್ಲಿ ಕೂರುವ ರಬ್ಬರ್ ಬುಷ್‌ಗಳು ಸವೆದುಹೋಗಿ, ಅಂಗಳ ದಾಟುವ ಮೊದಲೇ ಕಿರ್ರೋ ಎಂದು ಅರಚಿಕೊಳ್ಳುತ್ತಿತ್ತು. ಅದು ಕಿವಿಗೆ ಬಿದ್ದದ್ದೇ ತಡ, ಲಕ್ಕೂರಿನ ಆ ಬೀದಿಯವರೆಲ್ಲ ಚೀಲ ಹಿಡಿದು ಓಡಿಬರುತ್ತಿದ್ದರು. "ಮಾಲೂರಿಗಾ? ತಡಿಯಪ್ಪಾ, ನಾವೂ ಬರ್ತೀವಿ!"

ಇಲ್ಲ ಎನ್ನುವ ಮಾತು ಮುನಿಯಲ್ಲಪ್ಪನ ಬಾಯಿಗೆ ಬರುತ್ತಿರಲಿಲ್ಲ. ಪಕ್ಕದ ಮನೆಯ ಚಿಕ್ಕಗಂಗಮ್ಮನಂತೂ ಮುಂದಿನ ಸೀಟನ್ನು ತನ್ನ ಮನೆಯ ಜಗಲಿ ಮಾಡಿಕೊಂಡಿದ್ದಳು. ಮದುವೆಯಾಗಿ ಬಂದಾಗಿನಿಂದ ಅವನ ಹೆಂಡತಿ ಶಾಮಲಮ್ಮನಿಗೆ ಗತಿ ಹಿಂದೆಯೇ, ಟೊಮೇಟೊ ಬುಟ್ಟಿಗಳ ಮಧ್ಯೆ.

ಹೋದ ವಾರ ಮುದ್ದೆ ಬಡಿಸುತ್ತಾ ಅವಳು ಹೇಳಿಬಿಟ್ಟಳು. "ಬರೋ ಭಾನುವಾರ ಸಾಯಂಕಾಲ ಸಿನಿಮಾಕ್ಕೆ ನಾವಿಬ್ರೇ. ಮುಂದಿನ ಸೀಟಲ್ಲಿ ನಾನು. ಇಲ್ಲಾಂದ್ರೆ ಈ ಜನ್ಮದಲ್ಲಿ ನಿಮ್ಮ ಜೀಪು ಹತ್ತಲ್ಲ, ನೋಡ್ಕೊಳ್ಳಿ."

ಕಣ್ಣಲ್ಲಿ ನೀರಿತ್ತು. ಮುನಿಯಲ್ಲಪ್ಪ ರಾತ್ರಿಯೆಲ್ಲ ಯೋಚಿಸಿದ. ಸದ್ದು ಇದ್ದರೆ ತಾನೇ ಜನ? ಸದ್ದನ್ನೇ ಅಡಗಿಸಿಬಿಟ್ಟರೆ? ಮಾರನೆಯ ದಿನವೇ ಕೋಲಾರಕ್ಕೆ ಹೋಗಿ ಹೊಸ ಬುಷ್ ತಂದಿಟ್ಟ.

ಭಾನುವಾರ ಬೆಳಿಗ್ಗೆ ಜಾಕಿ ಕೊಟ್ಟು ಪಟ್ಟಿಗಳನ್ನು ಬಿಚ್ಚಿದ. ಹಳೇ ಬುಷ್ ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಸುತ್ತಿಗೆಯಲ್ಲಿ ಹೊಡೆದ, ಹೆಬ್ಬೆರಳು ಜಜ್ಜಿತು. ಕೊನೆಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದ. ಆ ಕಮರು ವಾಸನೆಗೆ ಬೀದಿಗೆ ಬೀದಿಯೇ ಬಂದು ನಿಂತಿತು.

"ಏನೋ, ಬೆಳಬೆಳಗ್ಗೆ ಏನೋ ಸುಡ್ತಾ ಇದೀಯ?" ಚಿಕ್ಕಗಂಗಮ್ಮ ಮೂಗಿಗೆ ಸೆರಗು ಹಿಡಿದಿದ್ದಳು.

"ಬುಷ್ ಅತ್ತೆ. ಈ ಜೀಪಿನ ಸದ್ದಿಂದ ನಿಮಗೆಲ್ಲ ತೊಂದ್ರೆ ಅಲ್ವಾ, ಅದಕ್ಕೇ..." ಸುಳ್ಳು ಬಾಯಿಂದ ಜಾರಿಹೋಯಿತು.

"ಅಯ್ಯೋ ದೇವುಡಾ! ನಮಗೋಸ್ಕರಾನಾ?"

ಅಷ್ಟೇ. ಸಹಾಯ ಮಾಡಲು ಎಲ್ಲರೂ ಸೆರಗು, ಪಂಚೆ ಕಟ್ಟಿ ನಿಂತರು. ಹೊಸ ಬುಷ್ ಕೂರಿಸಲು ಸೋಪಿನ ನೀರು ಸಾಕೆಂದರೂ ಕೇಳದೆ ಚಿಕ್ಕಗಂಗಮ್ಮ ಹರಳೆಣ್ಣೆ ಸುರಿದಳು. ಸ್ಪಾನರ್ ಜಾರಿತು, ಬುಷ್ ಜಾರಿತು, ಮುನಿಯಲ್ಲಪ್ಪನೂ ಜಾರಿ ಕೂತ. ಯಾರೋ ಒದ್ದ ನಟ್ಟು ಚರಂಡಿಗೆ ಬಿತ್ತು. ಅವನು ಮೊಣಕೈವರೆಗೂ ಕೈ ಹಾಕಿ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ, ಒಳಗೆ ಶಾಮಲಮ್ಮ ತಲೆಗೆ ನೀರು ಹಾಕಿಕೊಂಡು ಕನಕಾಂಬರ ಕಟ್ಟುತ್ತಿದ್ದಳು.

ಪಟ್ಟಿಗಳೆಲ್ಲ ಜಾಗಕ್ಕೆ ಕೂರುವಷ್ಟರಲ್ಲಿ ಹೊತ್ತು ಇಳಿದಿತ್ತು. ಜಾಕಿ ಇಳಿಸಿ ಬೋಲ್ಟು ಬಿಗಿ ಮಾಡಲು ಹೊರಟಾಗ ಎದುರುಮನೆಯ ಮುದುಕ ಅಶ್ವತ್ಥಪ್ಪ ಅಡ್ಡ ಬಾಯಿ ಹಾಕಿದ. ವಯಸ್ಸಿನಲ್ಲಿ ಲಾರಿ ಕ್ಲೀನರ್ ಆಗಿದ್ದವನು. ಬೆಳಗಿನಿಂದ ಜಗಲಿ ಬಿಟ್ಟು ಎದ್ದಿರಲಿಲ್ಲ.

"ನಿಲ್ಲಿಸ್ಲಾ! ಖಾಲಿ ಗಾಡೀಲಿ ಬಿಗಿ ಮಾಡಿದ್ರೆ, ಜನ ಹತ್ತಿದಾಗ ರಬ್ಬರ್ ತಿರುಚ್ಕೊಂಡು ಹರಿದೋಗ್ತದೆ. ಭಾರ ಹಾಕಿ ಬಿಗಿ ಮಾಡು."

ಮುನಿಯಲ್ಲಪ್ಪ ಕಲ್ಲು ಹೊರಲು ಹೊರಟ. ಚಿಕ್ಕಗಂಗಮ್ಮ ತಡೆದಳು. "ನಾವಿರೋವಾಗ ಕಲ್ಲು ಯಾಕಪ್ಪಾ? ಬನ್ರೇ, ಹತ್ತಿ!"

ಎಲ್ಲರೂ ಹತ್ತಿದರು. ಅವಳು ಮುಂದಿನ ಸೀಟಿನಲ್ಲಿ ಕೂತಳು. ಇರಲಿ, ಇದೇ ಕೊನೆ ಸಲ ಎಂದುಕೊಂಡ ಮುನಿಯಲ್ಲಪ್ಪ ಕೆಳಗೆ ಮಲಗಿ, ಒಳಗೊಳಗೇ ಹಿಗ್ಗುತ್ತಾ, ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದ. ಹೊರಗೆ ಬಂದು ಜೀಪನ್ನು ಅಲ್ಲಾಡಿಸಿ ನೋಡಿದ. ಕಿರ್ ಎನ್ನಲಿಲ್ಲ, ಮರ್ ಎನ್ನಲಿಲ್ಲ.

"ಆಯ್ತು ಅತ್ತೆ, ಎಲ್ಲಾ ಇಳೀರಿ."

ಒಬ್ಬರೂ ಕದಲಲಿಲ್ಲ.

"ಇಳಿದ್ರೆ ಹೆಂಗಪ್ಪಾ?" ಚಿಕ್ಕಗಂಗಮ್ಮ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು. "ಇಷ್ಟು ದಿನ ಕಿರ್ರೋ ಅಂದಾಗ ಓಡಿಬರ್ತಿದ್ವಿ. ಇನ್ಮೇಲೆ ನೀನು ಯಾವಾಗ ಹೊರಡ್ತೀಯೋ ನಮಗೆಂಗೆ ಗೊತ್ತಾಗ್ಬೇಕು? ದಿನಾ ಮೊದಲೇ ಬಂದು ಕೂತಿರ್ತೀವಿ ಬಿಡು. ನಿಧಾನಕ್ಕೆ ಹೊರಡು, ನಮಗೇನ್ ಅವಸರ ಇಲ್ಲ."

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುತ್ತಾರಲ್ಲ, ಅದೇ ಆಯಿತು.

ಅಷ್ಟರಲ್ಲಿ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಶಾಮಲಮ್ಮ ಬಾಗಿಲಿಗೆ ಬಂದಳು. ಮುಂದಿನ ಸೀಟು ನೋಡಿದಳು. ಚಿಕ್ಕಗಂಗಮ್ಮ ಅಕ್ಕರೆಯಿಂದ ಕರೆದಳು. "ಬಾರಮ್ಮಾ, ಹಿಂದೆ ಇನ್ನೂ ಜಾಗ ಐತೆ."

ಶಾಮಲಮ್ಮ ಗಂಡನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಏನಂದ್ರೆ, ಆ ಹಳೇ ಬುಷ್‌ಗಳನ್ನ ಪೂರ್ತಿ ಸುಟ್ಟುಬಿಟ್ರಾ?"