ಮೂರು ಸಾವಿರ ವರ್ಷ ಸೋರದ ಸೂರಿನ ಮೇಲೆ ಒಂದು ದೂರು

ಗುಡ್ಡದ ಮೇಲೆ ಕಲ್ಲುಮನೆಗಳನ್ನು ಕಟ್ಟಿ, ಹೆಸರು ವಿಳಾಸ ಏನನ್ನೂ ಬಿಡದೆ ಹೊರಟುಹೋದ ಬೃಹತ್ ಶಿಲಾಯುಗದ ಹಿರಿಯ ಮೇಸ್ತ್ರಿಗಳ ಸನ್ನಿಧಾನಕ್ಕೆ, ಈ ಕಾಲದ ಮನೆ ಕಂಟ್ರಾಕ್ಟರನೊಬ್ಬನ ತಲೆಬಾಗಿದ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೋ ಇಲ್ಲವೋ ತಿಳಿಯದು. ತಮ್ಮ ಕಾಮಗಾರಿಯಂತೂ ಪರಮ ಕ್ಷೇಮವಾಗಿದೆ, ನನ್ನ ದೂರೇ ಅದು.

ನನ್ನ ಅತ್ತೆಯವರು, ಅಂದರೆ ಹೆಂಡತಿಯ ತಾಯಿ, ತಮ್ಮದೇ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸುವ ಮನಸ್ಸು ಮಾಡಿದ್ದಾರೆ. ಆ ಕೆಲಸ ಸ್ವಂತ ಅಳಿಯನಿಗೆ ಸಿಗದೆ ಪರರ ಪಾಲಾದರೆ ನಾನು ಪೇಟೆಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಆದರೂ ಅವರು ಮೀನಮೇಷ ಎಣಿಸುತ್ತಿರುವುದಕ್ಕೆ ಕಾರಣ, ನಮ್ಮ ಮನೆಯ ನಡುಕೋಣೆಯ ಚಾವಣಿ ಮಳೆ ಬಂದಾಗಲೆಲ್ಲ ಕೊಂಚ ಭಾವುಕವಾಗಿ ಹನಿಗಣ್ಣಾಗುವುದು. ಅದನ್ನು ಕಟ್ಟಿದವನು ನಾನೇ ಎಂಬುದನ್ನು ಇಲ್ಲಿ ದೊಡ್ಡದು ಮಾಡುವ ಅಗತ್ಯವಿಲ್ಲ. ಅತ್ತೆಯವರನ್ನು ಒಲಿಸಿಕೊಳ್ಳಲೆಂದು ಭಾನುವಾರ ಸಂಸಾರವನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ತಮ್ಮ ಗುಡ್ಡಕ್ಕೆ ಹೊರಟೆ. ಪಾಳುಬಿದ್ದ ಕಟ್ಟಡಗಳನ್ನು ದಿನವಿಡೀ ನೋಡಿ ಬಂದರೆ ನನ್ನ ಕೆಲಸ ಅರಮನೆಯಂತೆ ಕಂಡೀತೆಂಬುದು ನನ್ನ ಎಣಿಕೆ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗಾಯಿತು.

ಗುಡ್ಡದ ನೆತ್ತಿಯಲ್ಲಿ ತಮ್ಮ ಮನೆಗಳು ನಿಂತಿದ್ದವು. ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಮುಗಿಯಿತು. ಕಂಬಿಯಿಲ್ಲ, ಸಿಮೆಂಟಿಲ್ಲ, ಬಾಗಿಲೂ ಇಲ್ಲ. ನಾನು ಬಹಳ ಹುರುಪಿನಿಂದ, ಗೋಡೆ ತೂಗುಗುಂಡಿಗೆ ಸರಿಯಿಲ್ಲ, ಗಾಳಿ ಬೆಳಕು ಸಾಲದು, ಪ್ಲಾಸ್ಟರಿನ ಸುಳಿವೇ ಇಲ್ಲ ಎಂದು ತಮ್ಮ ಕುಂದುಗಳನ್ನು ಎತ್ತಿ ಎತ್ತಿ ತೋರಿಸುತ್ತಿದ್ದೆ, ಅತ್ತೆಯವರೂ ಹೂಂಗುಟ್ಟುತ್ತಿದ್ದರು. ಅಷ್ಟರಲ್ಲಿ ಹಾಳು ಮಳೆ ಹೊಯ್ಯಬೇಕೇ! ಕಾರು ಗುಡ್ಡದ ಬುಡದಲ್ಲಿತ್ತು. ಅತ್ತೆ, ಹೆಂಡತಿ, ಮಗಳು, ಊಟದ ಡಬ್ಬಿ, ಚಹಾದ ಫ್ಲಾಸ್ಕ್ ಸಮೇತ ಎಲ್ಲರೂ ತಮ್ಮ ಚಪ್ಪಡಿಯ ಕೆಳಗೆ ನುಗ್ಗಿದೆವು.

ಸ್ವಾಮೀ, ಒಂದು ಹನಿ, ಒಂದೇ ಒಂದು ಹನಿ ಬೀಳಿಸಲು ತಮಗೇನು ಧಾಡಿಯಾಗಿತ್ತು? ಹೊರಗೆ ಆಕಾಶವೇ ಕಳಚಿ ಬೀಳುತ್ತಿರುವಾಗ ಒಳಗೆ ನಾವು ಬೆಚ್ಚಗೆ ಚಹಾ ಕುಡಿಯುತ್ತಿದ್ದೆವು. ಅತ್ತೆಯವರು ಕೈಯೆತ್ತಿ ಚಾವಣಿ ಸವರಿ, ಅಂಗೈ ನೋಡಿಕೊಂಡು, "ಅಳಿಯಂದ್ರೇ, ಒಣಗೇ ಇದೆಯಲ್ಲ! ಎಷ್ಟು ವರ್ಷದ್ದು?" ಎಂದರು. ನನ್ನ ಬಾಯಿಗಿಷ್ಟು ಮಣ್ಣು ಹಾಕ, ಮೂರು ಸಾವಿರ ಎಂದುಬಿಟ್ಟೆ. "ಅಪ್ಪ, ಇವರ ಮನೇಲಿ ಬಕೆಟ್ ಇಡೋಕೆ ಜಾಗಾನೇ ಬಿಟ್ಟಿಲ್ಲ ನೋಡು," ಎಂದಳು ಮಗಳು. ಹೆಂಡತಿ ಕಿಸಕ್ಕನೆ ನಕ್ಕಳು, ಅದೇ ಹೆಚ್ಚು ಉರಿಯಿತು.

ತಮ್ಮ ಕೈಚಳಕಕ್ಕೆ ಉದ್ದಂಡ ಅಡ್ಡಬೀಳುತ್ತೇನೆ. ಆದರೆ ಸಹೋದ್ಯೋಗಿಗಳ ಹೊಟ್ಟೆಯ ಮೇಲೆ ಹೊಡೆಯುವುದು ಹಿರಿಯರಿಗೆ ಶೋಭೆಯೇ? ಕಟ್ಟಡವೆಂದಮೇಲೆ ಆಗಾಗ ಬಿರುಕು ಬಿಡಬೇಕು, ಬಣ್ಣ ಉದುರಬೇಕು, ಜನ ನಮ್ಮನ್ನು ಕರೆಯಬೇಕು. ಆದ್ದರಿಂದ ಮುಂದಿನ ಮಳೆಯೊಳಗೆ ಒಂದು ಚಪ್ಪಡಿಯನ್ನಾದರೂ ತುಸು ಸೋರಿಸಿಕೊಡಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ ಖುದ್ದು ಎದ್ದು ಬಂದು, ತಾವೂ ಹೇಳಿದ ದಿನಕ್ಕೆ ಕೆಲಸ ಮುಗಿಸಿದವರಲ್ಲವೆಂದೂ, ತಮ್ಮ ಗಾರೆಯವನೂ ನಾಳೆ ಬರುತ್ತೇನೆಂದು ಹೇಳಿ ನಾಪತ್ತೆಯಾಗುತ್ತಿದ್ದನೆಂದೂ ಅತ್ತೆಯವರ ಮುಂದೆ ಸಾಕ್ಷಿ ನುಡಿಯಬೇಕು. ತಮಗೆ ಗಾರೆಯವನೇ ಇರಲಿಲ್ಲವೆಂಬುದು ಈಗ ಹೊಳೆಯಿತು. ಬೇರೆ ಯಾರನ್ನಾದರೂ ಬೈಯಿರಿ. ಅತ್ತೆಯವರು ಈ ವಾರವೇ ತೀರ್ಮಾನ ಹೇಳುವವರಿದ್ದಾರೆ, ತಾವು ಎಂದಿನ ನಿಧಾನ ತೋರಬಾರದು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಅಳಿಯ ಕಂಟ್ರಾಕ್ಟರ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಗಳು ಹೇಳಿದಳು, ತಾವು ಕಟ್ಟಿದ್ದು ಮನೆಗಳೇ ಅಲ್ಲವಂತೆ, ಗೋರಿಗಳಂತೆ! ಗೆದ್ದೆನೆಂದು ಓಡಿಹೋಗಿ ಅತ್ತೆಯವರಿಗೆ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, "ಸತ್ತೋರಿಗೇ ಅಷ್ಟು ಚೆನ್ನಾಗಿ ಕಟ್ಟಿಕೊಟ್ಟಿದಾನಲ್ಲ, ಪುಣ್ಯಾತ್ಮ! ಮೊದಲು ಬದುಕಿರೋ ನನ್ನ ಮಗಳ ತಲೆ ಮೇಲಿನ ಸೂರು ಸರಿಮಾಡಿ ಅಳಿಯಂದ್ರೇ, ಆಮೇಲೆ ನನ್ನ ಮಹಡಿ ಮಾತು," ಎಂದರು. ನಾಳೆ ಬೆಳಿಗ್ಗೆ ತಾರಸಿ ಹತ್ತುತ್ತಿದ್ದೇನೆ. ತಮ್ಮ ಗಿರಾಕಿಗಳಲ್ಲಿ ಒಬ್ಬರೂ ಇಂದಿನವರೆಗೆ ತುಟಿಪಿಟಕ್ ಎಂದಿಲ್ಲವಲ್ಲ, ಅದೃಷ್ಟವಂತರಪ್ಪಾ ತಾವು. ನನ್ನ ಗಿರಾಕಿಗಳೆಲ್ಲ ಬದುಕಿದ್ದಾರೆ.