ಕುಂಕುಮ ಇಟ್ಟ ಡ್ಯಾಂಪರು

ತಿಮ್ಮರಾಜುವಿಗೆ ತಾಳ್ಮೆ ಇರಲಿಲ್ಲ. ಒಂದು ಜೀಪಿತ್ತು, ಅದರ ಡ್ಯಾಂಪರು ಸತ್ತಿತ್ತು. ಗುಂಡಿಗಿಳಿದಾಗ ಸ್ಟೇರಿಂಗು ಅದುರಾಡದಂತೆ ಹಿಡಿದಿಡುವ ಆ ಕಬ್ಬಿಣದ ಕೊಳವೆ ಎಣ್ಣೆಯನ್ನೆಲ್ಲ ಕಕ್ಕಿಬಿಟ್ಟಿತ್ತು. ಮೂರು ಗಂಟೆಗೆ ತೊಣ್ಣೂರಿನ ಹತ್ತಿರ ಕೆಸರಿನ ಜೀಪ್ ರೇಸು. ಹೋದ ವರ್ಷ ಮೊದಲ ಗುಂಡಿಯಲ್ಲೇ ಮಕಾಡೆ ಬಿದ್ದಾಗಿನಿಂದ ಊರವರು ಅವನನ್ನು ‘ಗುಂಡಿ ತಿಮ್ಮ’ ಎನ್ನುತ್ತಿದ್ದರು. ಇವತ್ತು ಆ ಹೆಸರು ಅಳಿಯಬೇಕು.

ಕೆ.ಆರ್. ಪೇಟೆಯ ಅಂಗಡಿಯೊಂದರ ಅಟ್ಟದಲ್ಲಿ ಹೊಸ ಡ್ಯಾಂಪರು ಸಿಕ್ಕಿತು. ಗ್ರೀಸು, ಧೂಳು ಮೆತ್ತಿಕೊಂಡು ಅದು ಒಲೆಯಿಂದ ಎಳೆದ ಕೊಳ್ಳಿಯಂತಿತ್ತು. ಅದನ್ನು ಅಂಗಳದಲ್ಲಿಟ್ಟು ತಿಮ್ಮರಾಜು ಜೀಪಿನಡಿ ಅಂಗಾತ ಮಲಗಿದ. ಹಳೆಯದರ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಪಕ್ಕದ ಮನೆಯ ಚಿಕ್ಕಯ್ಯ ಬೀಡಿ ಕಚ್ಚಿಕೊಂಡು ಬಗ್ಗಿ ನೋಡಿದ.

“ಅಂಗಲ್ಲ ಕಣ್ಲಾ, ಎಡಕ್ಕೆ ತಿರುಗ್ಸು.”

“ಎಡಕ್ಕೇ ತಿರುಗಿಸ್ತಾ ಇವ್ನಿ!”

“ನಿನ್ ಎಡ ಅಲ್ಲ ಕಣ್ಲಾ, ಬೋಲ್ಟಿನ ಎಡ.”

“ಚಿಕ್ಕಯ್ಯಣ್ಣ, ಸ್ಪ್ಯಾನರು ನನ್ ಕೈಲೈತೆ. ಎದ್ದೋಗು ಅತ್ಲಾಗೆ!”

ಅಷ್ಟರಲ್ಲಿ ಡ್ಯಾಂಪರು ಕಳಚಿ ಅವನ ಮೂಗಿನ ಮೇಲೇ ಬಿತ್ತು. ಅದನ್ನು ಅಂಗಳಕ್ಕೆ ಬೀಸಿ ಒಗೆದು, ಬೈಯುತ್ತ ರಕ್ತ ತೊಳೆಯಲು ಹಿತ್ತಿಲಿಗೆ ಹೋದ. ರಕ್ತ ನಿಲ್ಲಲು ಅರ್ಧ ಗಂಟೆ ಹಿಡಿಯಿತು.

ತಿರುಗಿ ಬಂದಾಗ ಅಂಗಳದಲ್ಲಿ ಮಣೆಯ ಮೇಲೊಂದು ಡ್ಯಾಂಪರು ಫಳಫಳ ಹೊಳೆಯುತ್ತಿತ್ತು. ಅರಿಸಿನ, ಕುಂಕುಮ, ಮೇಲೊಂದು ಚೆಂಡುಹೂವು. ಇನ್ನೊಂದು ಕೊಳಕಾಗಿ ನೆಲದ ಮೇಲಿತ್ತು. ಅವ್ವ ಲಕ್ಷ್ಮಿದೇವಮ್ಮ ಮನೆಗೆ ಬಂದ ಮಿಕ್ಸಿಗೂ ಪೂಜೆ ಮಾಡಿದವಳು. ತಿಮ್ಮರಾಜು ಎರಡನೇ ಸಲ ಯೋಚಿಸಲಿಲ್ಲ. ಬೀದಿಯಲ್ಲಿ ಕೂಗುತ್ತಿದ್ದ ಗುಜರಿಯವನ ಗಾಡಿಗೆ ಕೊಳಕನ್ನು ಎಸೆದ.

“ಮೂಗು ಮುರ್ದ ಮುಂಡೇದು. ಪುಕ್ಕಟೆ ತಗಂಡ್ ಹೋಗಯ್ಯ!”

ಹೊಳೆಯುವುದನ್ನು ಕೂರಿಸಿ ಬೋಲ್ಟು ಬಿಗಿದ. ಜೀಪು ಹೊರಡುವಾಗ ಅವ್ವ ನಿಂಬೆಹಣ್ಣು ಹಿಡಿದು ಓಡಿಬಂದಳು.

“ಲೋ ಮಗ, ಒಂದ್ ಮಾತು...”

“ಬಂದ್ಮೇಲೆ ಹೇಳವ್ವ!”

ತೊಣ್ಣೂರಿನ ಮೊದಲ ಗುಂಡಿಯಲ್ಲೇ ಸ್ಟೇರಿಂಗು ಮೈಮೇಲೆ ದೇವರು ಬಂದಂತೆ ಕುಣಿದು ಅವನ ಹೆಬ್ಬೆರಳಿಗೆ ಬಡಿಯಿತು. ಜೀಪು ಮೂತಿ ಮುಂದಾಗಿ ಕೆಸರಿಗೆ ನುಗ್ಗಿತು. “ಗುಂಡಿ ತಿಮ್ಮ!” ಎಂದು ಜನ ಶಿಳ್ಳೆ ಹೊಡೆದರು. ಟ್ರಾಕ್ಟರು ಬಂದು ಎಳೆಯಿತು. ಬಂಪರು ಕಿತ್ತು ಕೆಸರಿನಲ್ಲೇ ಉಳಿಯಿತು.

ಮನೆಗೆ ಬಂದು ಅವ್ವನ ಮೇಲೆ ಹಾರಾಡಿದ. “ನೀನ್ ಪೂಜೆ ಮಾಡಿದ್ ಹೊಸಾದು ನನ್ ಮಾನ ಕಳೀತು!”

“ಹೊಸಾದಕ್ಕೆ ಯಾರ್ಲಾ ಪೂಜೆ ಮಾಡಿದ್ರು? ಹದಿನೆಂಟು ವರ್ಸ ದುಡ್ದಿರೋ ಕಬ್ಬಿಣ, ಅಂಗೇ ಗುಜರಿಗೆ ಹಾಕಕ್ಕಾಯ್ತದಾ? ಉಣ್ಸೆಹಣ್ಣಾಕಿ ಉಜ್ಜಿ, ಪೂಜೆ ಮಾಡಿ ಕಳಿಸನ ಅಂತ ಮಣೆ ಮ್ಯಾಲಿಟ್ಟಿದ್ದೆ. ಅದೆಲ್ಲೋ?”

ಜಗಲಿಯಿಂದ ಚಿಕ್ಕಯ್ಯ ಕೇಳಿದ: “ಬೋಲ್ಟು ಎಡಕ್ಕೇ ತಿರುಗಿಸ್ದೆ ತಾನೇ?”

ಹೊಸ ಡ್ಯಾಂಪರು ಒಂದು, ಬಂಪರು ಒಂದು, ಹೆಬ್ಬೆರಳಿನ ಉಗುರು ಒಂದು. ಹೋದದ್ದು ಇಷ್ಟು. ಹೆಸರು ಹೋಗಲಿಲ್ಲ.