ಅಣುಸ್ಥಾವರದ ವರ

ರಿಯಾಕ್ಟರ್ ನನ್ನ ಜೊತೆ ಎಂದೂ ತಮಾಷೆ ಮಾಡಿಲ್ಲ. ತಮಾಷೆಯೆಲ್ಲ ಗೇಟಿನ ಹೊರಗೆ, ರಜೆ ಹಾಕಿ ಊರಿಗೆ ಬಂದಾಗ ಆಗುತ್ತದೆ. ಈಗಲೂ ನಿಂತಿಲ್ಲ.

ನಮ್ಮ ನಿಯಂತ್ರಣ ಕೊಠಡಿಯಲ್ಲಿ ಯಲಬುರ್ಗಾ ಕಡೆಯ ಒಬ್ಬ ಆಪರೇಟರ್. ನನ್ನ ಕೈಕೆಳಗೆ ಅವನಷ್ಟು ನೆಚ್ಚಬಹುದಾದವನು ಇನ್ನೊಬ್ಬನಿಲ್ಲ. ಒಂದು ದಿನ ಅವನ ತಾಯಿ ನನಗೇ ಫೋನ್ ಮಾಡಿದರು: "ಸಾಹೇಬ್ರ, ಈ ವರ್ಷ ಲಗ್ನ ಆಗಲಿಲ್ಲಂದ್ರ ನೌಕರಿ ಬಿಡಿಸಿ ಕರ್ಕೊಂಡು ಬರ್ತೀನಿ. ಅವನ ಮಾಮಾಂದು ಗೊಬ್ಬರದ ಅಂಗಡಿ ಐತಿ."

ಅಂಥವನೊಬ್ಬನನ್ನು ತಯಾರು ಮಾಡಲು ವರ್ಷಗಟ್ಟಲೆ ಬೇಕು. ಅವನನ್ನು ಯೂರಿಯಾ ಚೀಲ ಎತ್ತಲು ಕಳಿಸುವ ಮನಸ್ಸು ನನಗಿರಲಿಲ್ಲ. ಅವನನ್ನೂ ಹೆಂಡತಿಯನ್ನೂ ಕರೆದುಕೊಂಡು, ನಾನೇ ಹಿರಿಯನಾಗಿ ಹೆಣ್ಣು ನೋಡಲು ಹೊರಟೆ. ಮುಖ್ಯ ಎಂಜಿನಿಯರನ ಕೆಲಸಗಳಲ್ಲಿ ಇದೂ ಒಂದೆಂದು ಯಾರೂ ಹೇಳಿರಲಿಲ್ಲ.

ಗಂಗಾವತಿ

ಹೆಣ್ಣಿನ ತಂದೆ ಅಕ್ಕಿ ಗಿರಣಿಯವರು. ನೇರ ವಿಷಯಕ್ಕೆ ಬಂದರು.

"ಅಲ್ಲಿ ಕೆಲಸ ಮಾಡಿದವ್ರಿಗೆ ಮಕ್ಕಳಾಗಂಗಿಲ್ಲಂತಲ್ರಿ?"

"ನಾನು ಕೆಲಸಕ್ಕ ಸೇರಿದ ಮ್ಯಾಲೇ ಇಬ್ಬರು ಹುಟ್ಯಾರ್ರಿ."

"ಏನ್ ಮಾಡ್ತಾರ?"

"ಮಗಳು ಡಾಕ್ಟರ್. ಮಗ ತತ್ವಶಾಸ್ತ್ರ ಓದಾಕತ್ಯಾನ."

ಅವರು ಎಲೆ-ಅಡಿಕೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ನೋಡ್ರಿ, ಎರಡನೇದಕ್ಕ ಪರಿಣಾಮ ಆಗೇತಿ."

ಕುಷ್ಟಗಿ

ಇದು ನನ್ನದೇ ಊರು. ಮರ್ಯಾದೆ ಸಿಕ್ಕೀತು ಎಂದುಕೊಂಡಿದ್ದೆ. ಸಂಜೆ ಹೋಗಿ ಕುಳಿತ ಕೂಡಲೇ ಕರೆಂಟ್ ಹೋಯಿತು. ಕತ್ತಲಲ್ಲಿ ಯಾರೋ ಹೆಂಗಸು ಪಿಸುಗುಟ್ಟಿದಳು: "ಅಣು ಕೆಲಸದವ್ರು ಕತ್ತಲದಾಗ ಹೊಳೀತಾರಂತಿದ್ರು, ಹುಡುಗ ಏನೂ ಹೊಳಿಯಾಕತ್ತಿಲ್ಲ ಬಿಡ." ಇದು ನಮ್ಮ ಪರ ಎಂದು ಸಮಾಧಾನಪಟ್ಟೆ. ಹೆಣ್ಣಿನ ಅಜ್ಜ ಬಿಡಲಿಲ್ಲ.

"ಕರೆಂಟ್ ಮಾಡೋರು ಇಬ್ಬಿಬ್ಬರು ಕುಂತೀರಿ, ಒಂದು ಬಲ್ಬ್ ಹತ್ತವಲ್ದಲ್ಲ?"

ಕರೆಂಟ್ ಹುಟ್ಟಿಸುವುದಷ್ಟೇ ನಮ್ಮ ಕೆಲಸ, ಮನೆಗೆ ಕೊಡುವವರು ಬೇರೆ ಎಂದು ವಿವರಿಸಿದೆ.

"ಹಂಗಾರ ಹೆಣ್ಣು ಹುಟ್ಟಿಸಿದ್ದಷ್ಟ ನಾವು," ಎಂದ ಅಜ್ಜ. "ಕೊಡೋರು ಬ್ಯಾರೆ ಅದಾರ, ಹುಡುಕ್ಕೋರಿ."

ಕೊಪ್ಪಳ

"ಸರ್, ಗೊಬ್ಬರದ ಅಂಗಡೀನ ಗತಿ," ಎಂದ ಹುಡುಗ.

"ಇನ್ನೊಂದು ಮನಿ ಐತಿ. ನಡಿ," ಎಂದೆ.

ನಿಯಂತ್ರಣ ಕೊಠಡಿಯಲ್ಲಿ ಒಂದು ನಿಯಮವಿದೆ. ಆದೇಶ ಕೇಳಿದವನು ಅದನ್ನು ತಿರುಗಿ ಹೇಳಬೇಕು. ಕೊಟ್ಟವನು "ಸರಿ" ಎನ್ನಬೇಕು. ಆಮೇಲೆಯೇ ಗುಂಡಿ ಮುಟ್ಟಬೇಕು. ಬೈದು ಬೈದು ಇದನ್ನು ಎಲ್ಲರಿಗೂ ಕಲಿಸಿದವನು ನಾನೇ.

ಹೆಣ್ಣಿನ ತಾಯಿ "ಚಹಾ ತಗೋರಿ" ಎಂದರು.

"ಚಹಾ ತಗೋತೀನ್ರಿ," ಎಂದ ಹುಡುಗ, ಗಾಬರಿಯಲ್ಲಿ. ಕಪ್ಪು ಮುಟ್ಟಲಿಲ್ಲ. "ಸರಿ"ಗಾಗಿ ಕಾಯುತ್ತ ಕುಳಿತ. ಚಹಾ ಮೇಲೆ ಕೆನೆ ಕಟ್ಟಿತು.

"ಕಿವಿ ಮಂದ ಏನ್ರಿ?" ಎಂದು ತಂದೆ ನನ್ನನ್ನು ಕೇಳಿದರು. ನಿಯಮ ವಿವರಿಸಿದೆ. ಈ ಸಂಬಂಧವೂ ಹೋಯಿತು ಎಂದುಕೊಂಡೆ.

ಹುಡುಗಿ ಶಾಲೆಯ ಟೀಚರ್. ಅವನನ್ನೇ ನೋಡಿ ಹೇಳಿದಳು: "ಲಗ್ನಾದ ಮ್ಯಾಲೂ ನಾನು ಸಾಲಿ ಕಲಿಸ್ತೀನಿ."

"ಲಗ್ನಾದ ಮ್ಯಾಲೂ ನೀವು ಸಾಲಿ ಕಲಿಸ್ತೀರಿ."

"ಅಡಗಿ ಇಬ್ಬರೂ ಮಾಡೋದು."

"ಅಡಗಿ ಇಬ್ಬರೂ ಮಾಡೋದು."

"ಸರಿ," ಎಂದಳು.

ಅವನು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದ.

ಹುಡುಗಿ ತಂದೆಯ ಕಡೆ ತಿರುಗಿದಳು. "ಅಪ್ಪಾ, ಇಷ್ಟು ವರ್ಷ ಸಾಲ್ಯಾಗ ಒದರೀನಿ. ಹೇಳಿದ್ದನ್ನ ಹಂಗ ತಿರುಗಿ ಒಪ್ಪಿಸಿದವ್ರು ಇವರೊಬ್ಬರ. ಬಿಡಬ್ಯಾಡ್ರಿ."

ಅಲ್ಲೇ ಸಕ್ಕರೆ ಹಂಚಿದರು. ಗೊಬ್ಬರದ ಅಂಗಡಿಗೆ ಬೇರೆ ಆಳು ನೋಡಿಕೊಳ್ಳುವಂತೆ ಅವನ ತಾಯಿಗೆ ನಾನೇ ಫೋನ್ ಮಾಡಿದೆ.

ಮರಳುವಾಗ ಕಾರಿನಲ್ಲಿ ನನ್ನ ಹೆಂಡತಿ ಕೇಳಿದಳು: "ಈ ನಿಯಮ ಕಲಿಸಿದವ್ರು ನೀವ ಏನ್ರಿ?"

"ನಾನ," ಎಂದೆ, ಹೆಮ್ಮೆಯಿಂದ.

"ನಾಳಿಂದ ಮುಂಜಾನೆ ಚಹಾ ನೀವು ಮಾಡ್ರಿ."

ಹಿಂದಿನ ಸೀಟಿನಲ್ಲಿ ಆಪರೇಟರ್ ನೆಟ್ಟಗೆ ಕುಳಿತು ನನ್ನನ್ನೇ ನೋಡುತ್ತಿದ್ದ. ಅವನೆದುರು ನಾನೇ ನಿಯಮ ಮುರಿಯುವಂತಿರಲಿಲ್ಲ.

"ನಾಳಿಂದ ಮುಂಜಾನೆ ಚಹಾ ನಾನು ಮಾಡ್ತೀನಿ."

"ಸರಿ," ಎಂದಳು.